ಬಾವು ಬರುವ ಮುಂಚೆ

ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಮನೆಗಳಲ್ಲಿ ಗೊಂಬೆಯ ಕೆಲಸವೆಲ್ಲ ನೆಲದ ಮೇಲೆ ಕೂತೇ ಆಗಬೇಕು. ಹಗುರ ಕಟ್ಟಿಗೆ ಕೆತ್ತುವುದು, ಹುಣಸೆ ಬೀಜದ ಅಂಟು ಹಚ್ಚುವುದು, ಬಣ್ಣ ಬಳಿಯುವುದು, ಯಾವುದಕ್ಕೂ ತಾಸುಗಟ್ಟಲೆ ಕಾಲು ಮಡಚಬೇಕು. ಹೀಗೆ ಕೂತವರ ಪಾದ ಸಂಜೆಗೆ ಬಾತರೆ ಯಾರೂ ಗಾಬರಿಯಾಗುವುದಿಲ್ಲ. ಗಂಗಾವತಿ ಕಡೆ ಭತ್ತದ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುವ ಹೆಣ್ಣುಮಕ್ಕಳದೂ ಇದೇ ಕತೆ. 'ಕುಂತು ಕುಂತು ಬಾತೈತಿ' ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ಎದ್ದಾಗ ಮಾರಿ ಊದಿ, ಕಣ್ಣಿನ ರೆಪ್ಪೆ ದಪ್ಪಗಾಗಿ, ಮೂತ್ರದ ನೊರೆ ಬೇಗ ಆರದೆ ಇದ್ದಾಗಲೂ ಅದೇ ಮಾತಿನಲ್ಲಿ ವಾರಗಳನ್ನು ತಳ್ಳುವವರಿದ್ದಾರೆ.

ಈ ಲಕ್ಷಣಗಳ ಹಿಂದೆ ನೆಫ್ರೋಟಿಕ್ ಸಿಂಡ್ರೋಮ್ ಇರಬಹುದು. ರಕ್ತ ಸೋಸುವ ಮೂತ್ರಪಿಂಡದ ಸೂಕ್ಷ್ಮ ಗಂಟುಗಳು ಹಾಳಾಗಿ, ದೇಹದಲ್ಲಿ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರದಲ್ಲಿ ಸೋರುತ್ತದೆ. ದೊಡ್ಡವರಲ್ಲಿ ದಿನಕ್ಕೆ 3.5 ಗ್ರಾಂಗಿಂತ ಹೆಚ್ಚು ಸೋರಿದಾಗ ಈ ಹೆಸರು ಕೊಡುತ್ತಾರೆ. ರಕ್ತದಲ್ಲಿ ಆಲ್ಬುಮಿನ್ ಇಳಿಯುತ್ತದೆ, ಕೊಲೆಸ್ಟರಾಲ್ ಏರುತ್ತದೆ, ನೀರು ಮೈಗೆ ಇಳಿದು ಬಾವಾಗುತ್ತದೆ. ಇದು ಮಕ್ಕಳ ಕಾಯಿಲೆ ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ ಮೂವತ್ತರವರಿಗೂ ಅರವತ್ತರವರಿಗೂ ಬರುತ್ತದೆ. ಮಕ್ಕಳಿಗೆ ಸಾಮಾನ್ಯವಾಗಿ ಬಯಾಪ್ಸಿ ಇಲ್ಲದೆಯೇ ಔಷಧ ಶುರುಮಾಡುತ್ತಾರೆ. ದೊಡ್ಡವರಲ್ಲಿ ಮಿನಿಮಲ್ ಚೇಂಜ್, ಎಫ್‌ಎಸ್‌ಜಿಎಸ್, ಮೆಂಬ್ರೇನಸ್ ಎಂದು ಬೇರೆ ಬೇರೆ ಬಗೆ ಇರುವುದರಿಂದ ಹೆಚ್ಚಿನವರಿಗೆ ಸೂಜಿಯಿಂದ ಮೂತ್ರಪಿಂಡದ ಚೂರು ತೆಗೆದು ನೋಡಲೇಬೇಕಾಗುತ್ತದೆ. ಅದಕ್ಕಾಗಿ ಈ ಭಾಗದ ಅನೇಕರು ಹುಬ್ಬಳ್ಳಿಯ ರೈಲು ಹತ್ತುತ್ತಾರೆ, ಇಲ್ಲವೇ ಬೆಂಗಳೂರಿನ ನೆಫ್ರೋ-ಯುರಾಲಜಿ ಸಂಸ್ಥೆಯ ಬಾಗಿಲಿಗೆ ಹೋಗುತ್ತಾರೆ.

ಔಷಧಕ್ಕೆ ಬಗ್ಗಿದ ಕಾಯಿಲೆ ಮತ್ತೆ ಬರುವುದು ಇದರ ಸ್ವಭಾವ. ಮಿನಿಮಲ್ ಚೇಂಜ್ ಇರುವ ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಮ್ಮೆಯಾದರೂ ಮರುಕಳಿಸುತ್ತದೆ. ಈ ಮಾತನ್ನು ಮೊದಲ ದಿನವೇ ರೋಗಿಗೆ ಬಿಡಿಸಿ ಹೇಳಬೇಕು. ಹೇಳದಿದ್ದರೆ, ಎರಡನೇ ಸಲ ಬಾವು ಬಂದಾಗ ಆತ ಡಾಕ್ಟರನ್ನೇ ಬಿಟ್ಟು ನಾಟಿ ಔಷಧದವರ ಬಳಿ ಹೋಗುತ್ತಾನೆ.

ಬಾವು ಕಣ್ಣಿಗೆ ಕಾಣುವ ಎಷ್ಟೋ ದಿನ ಮೊದಲೇ ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಳ್ಳುತ್ತದೆ. ಅದನ್ನು ಹಿಡಿಯಲು ಪ್ರಯೋಗಾಲಯ ಬೇಕಿಲ್ಲ. 1827ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ ಇಂಥ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸಿದ; ಅದು ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಯಿತು. ಇವತ್ತು ಅದೇ ಕೆಲಸವನ್ನು ಔಷಧದಂಗಡಿಯಲ್ಲಿ ಸಿಗುವ ಸ್ಟ್ರಿಪ್ ಮಾಡುತ್ತದೆ. ಬೆಳಗಿನ ಮೊದಲ ಮೂತ್ರದಲ್ಲಿ ಅದ್ದಿ ತೆಗೆದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಕಾದು, ಅಲ್ಲಿರುವ ಬಣ್ಣಗಳೊಂದಿಗೆ ಹೋಲಿಸಿ, ಪ್ರೋಟೀನು ಎಷ್ಟು ಪ್ಲಸ್ ಎಂದು ನೋಡಬೇಕು. ಬಣ್ಣದ ಛಾಯೆಗಳನ್ನು ಗುರುತಿಸುವುದು ಕಿನ್ನಾಳದವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ತೇವ ತಾಗಿದರೆ ಸ್ಟ್ರಿಪ್ ಕೆಡುತ್ತದೆ. ದಿನಾಂಕ, ಪ್ಲಸ್ ಎಷ್ಟು, ತೂಕ ಎಷ್ಟು, ಗುಳಿಗೆ ಎಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಬೇಕು. ಜ್ವರ ಬಂದಾಗ, ಮೈಮುರಿದು ದುಡಿದಾಗ ಒಂದು ದಿನ ಒಂದು ಪ್ಲಸ್ ತೋರಿಸೀತು, ಅದಕ್ಕೆ ಹೆದರಬೇಕಿಲ್ಲ. ಸತತ ಮೂರು ದಿನ ಮೂರು ಪ್ಲಸ್ ಬಂದರೆ ಬಾವಿಗೆ ಕಾಯದೆ ಅದೇ ದಿನ ಡಾಕ್ಟರಿಗೆ ಫೋನು ಮಾಡಬೇಕು. ಆಗ ಹಿಡಿದರೆ ಎಷ್ಟೋ ಜನರಿಗೆ ಆಸ್ಪತ್ರೆ ಸೇರುವುದೇ ತಪ್ಪುತ್ತದೆ.

ಮೊದಲ ಔಷಧ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್. ಅಗ್ಗದ ಗುಳಿಗೆ, ಆದರೆ ಹಗುರವಾದುದಲ್ಲ. ಮಕ್ಕಳು ಕೆಲವೇ ವಾರದಲ್ಲಿ ಗುಣ ಕಂಡರೆ, ದೊಡ್ಡವರಿಗೆ ಕೆಲವೊಮ್ಮೆ 16 ವಾರವೂ ಹಿಡಿಯುತ್ತದೆ. ಈ ತಡದಲ್ಲೇ ಧೈರ್ಯ ಕುಸಿಯುವುದು. ಮುಖ ದುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ, ನಿದ್ದೆ ಕೆಡುತ್ತದೆ, ಸಕ್ಕರೆ ಮತ್ತು ಬಿಪಿ ಏರಬಹುದು, ಎಲುಬು ಸವೆಯಬಹುದು. 'ಮಾರಿ ಕೆಡ್ತು' ಎಂದು ನೆರೆಮನೆಯವರು ಅಂದದ್ದಕ್ಕೇ ಗುಳಿಗೆ ಬಿಟ್ಟವರಿದ್ದಾರೆ. ಆ ಸಂಕಟ ಸಣ್ಣದೆಂದು ನಾನು ಹೇಳಲಾರೆ. ಆದರೆ ವಾರಗಟ್ಟಲೆ ಸ್ಟಿರಾಯ್ಡ್ ತಿಂದ ದೇಹ ತನ್ನದೇ ಹಾರ್ಮೋನು ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ವಾಂತಿ, ಬಿಪಿ ಕುಸಿತ, ಪ್ರಜ್ಞೆ ತಪ್ಪುವುದು, ಜೀವಕ್ಕೇ ಅಪಾಯ. ಮೆಲ್ಲಗೆ ಇಳಿಸಬೇಕು, ಅದೂ ಡಾಕ್ಟರು ಹೇಳಿದ ಲೆಕ್ಕದಲ್ಲಿ. ಶುರುಮಾಡುವ ಮುನ್ನ ಕ್ಷಯ, ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ ಎಂದು ಕೇಳಿಕೊಳ್ಳಿ. ಬರಿಗಾಲಲ್ಲಿ ಹೊಲದಲ್ಲಿ ದುಡಿಯುವವರು ಜಂತುಹುಳದ ಔಷಧದ ಬಗ್ಗೆಯೂ ಕೇಳಬೇಕು. ಮಣ್ಣಿನಿಂದ ಮೈಸೇರಿದ ಕೆಲವು ಹುಳುಗಳು ಸ್ಟಿರಾಯ್ಡ್ ಸಿಕ್ಕಾಗ ಮೈತುಂಬ ಹಬ್ಬುತ್ತವೆ.

ಆರು ತಿಂಗಳಲ್ಲಿ ಎರಡು ಸಲ, ಇಲ್ಲವೇ ವರ್ಷದಲ್ಲಿ ನಾಲ್ಕು ಸಲ ಮರುಕಳಿಸಿದರೆ ಸ್ಟಿರಾಯ್ಡ್ ಒಂದನ್ನೇ ನೆಚ್ಚಿಕೊಳ್ಳಬಾರದು. ಟ್ಯಾಕ್ರೋಲಿಮಸ್, ಸೈಕ್ಲೋಫಾಸ್ಫಮೈಡ್, ಮೈಕೋಫಿನೋಲೇಟ್, ರಿಟುಕ್ಸಿಮ್ಯಾಬ್ ಇವೆ. ಮಗು ಬೇಕೆಂಬ ದಂಪತಿ ಈ ಹಂತದಲ್ಲಿ ಅದನ್ನು ಬಾಯಿಬಿಟ್ಟು ಹೇಳಲೇಬೇಕು. ಇವುಗಳಲ್ಲಿ ಕೆಲವು ಬಸಿರಿಗೆ, ಕೆಲವು ಸಂತಾನಶಕ್ತಿಗೇ ಕೆಡುಕು ಮಾಡುತ್ತವೆ.

ಊಟದಲ್ಲಿ ಶತ್ರು ಉಪ್ಪು. ಬಾವಿದ್ದಾಗ ದಿನಕ್ಕೆ ಒಂದು ಟೀ ಚಮಚ, ಅಂದರೆ ಐದು ಗ್ರಾಂ ಮೀರಬಾರದು. ಜೋಳದ ರೊಟ್ಟಿ ಇಲ್ಲಿ ವರದಾನ, ಅದಕ್ಕೆ ಉಪ್ಪು ಹಾಕದಿದ್ದರೂ ನಡೆಯುತ್ತದೆ. ಕೆಡಿಸುವುದು ಪಕ್ಕದ ಉಪ್ಪಿನಕಾಯಿ, ಹಪ್ಪಳ, ಶೇಂಗಾ ಚಟ್ನಿಪುಡಿ, ಸಂಜೆಯ ಮಂಡಕ್ಕಿ ಮಿರ್ಚಿ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಮಿರ್ಚಿ ಬಡಿಸಿದಾಗ ಬೇಡವೆನ್ನುವುದು ಎಷ್ಟು ಕಷ್ಟವೆಂದು ಈ ಸೀಮೆಯವರಿಗೆ ಹೇಳಬೇಕಿಲ್ಲ. ಒಂದು ಚೂರು ಪ್ರಸಾದವೆಂದು ತಿನ್ನಿ, ಆ ದಿನ ಮನೆಯಲ್ಲಿ ಉಪ್ಪು ಬಿಡಿ. ಸೋರಿದ ಪ್ರೋಟೀನು ತುಂಬಲೆಂದು ದಿನಕ್ಕೆ ಐದಾರು ಮೊಟ್ಟೆ ತಿನ್ನಿಸುವವರೂ ಇದ್ದಾರೆ. ಅದರಿಂದ ಸೋರಿಕೆಯೇ ಹೆಚ್ಚುತ್ತದೆ. ವೈದ್ಯರು ಬೇರೆ ಹೇಳದಿದ್ದರೆ, ತೂಕದ ಒಂದು ಕಿಲೋಗೆ ದಿನಕ್ಕೆ ಒಂದು ಗ್ರಾಂ ಪ್ರೋಟೀನು ಸಾಕು.

ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಈ ರೋಗಿಗಳಿಗೆ ವರ್ಜ್ಯ. ಹೆಸರು ಗೊತ್ತಿಲ್ಲದ ಭಸ್ಮ, ಮುಖ ಬೆಳ್ಳಗಾಗಿಸುವ ಲೇಬಲ್ಲಿಲ್ಲದ ಕ್ರೀಮು ಕೂಡ. ಪಾದರಸವಿದ್ದ ಕ್ರೀಮು ಹಚ್ಚಿಕೊಂಡವರಲ್ಲಿ ಮೆಂಬ್ರೇನಸ್ ಕಾಯಿಲೆ ಬಂದದ್ದನ್ನು 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಪತ್ತೆಹಚ್ಚಿದರು. ಕ್ರೀಮು ಬಿಟ್ಟರೆ ಸೋರಿಕೆ ಇಳಿಯುವುದುಂಟು.

ಒಂದೇ ಕಾಲು ಬಾತು ನೋಯುವುದು, ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ಹೊಟ್ಟೆನೋವಿನ ಜೊತೆ ಜ್ವರ ಬಂದರೆ ಸೋಂಕಿರಬಹುದು. ಎರಡಕ್ಕೂ ಬೆಳಗಿನ ಬಸ್ಸಿಗೆ ಕಾಯದೆ 108ಕ್ಕೆ ಕರೆ ಮಾಡಬೇಕು.

ಗರ್ಭಿಣಿಯರ ಮೂತ್ರದಲ್ಲಿ ಆಲ್ಬುಮಿನ್ ನೋಡುವುದು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಹೊಸದೇನೂ ಅಲ್ಲ. ಅದೇ ಸ್ಟ್ರಿಪ್ಪನ್ನು ನೆಫ್ರೋಟಿಕ್ ರೋಗಿಗಳಿಗೂ ಪುಕ್ಕಟೆ ಕೊಟ್ಟು, ಆಶಾ ಕಾರ್ಯಕರ್ತೆಯರಿಗೆ ಮೂರು ಪ್ಲಸ್ಸಿನ ಅರ್ಥ ಹೇಳಿಕೊಟ್ಟರೆ, ಕಿನ್ನಾಳ, ಕುಷ್ಟಗಿ, ಯಲಬುರ್ಗಾದ ರೋಗಿಗೆ ಹುಬ್ಬಳ್ಳಿ ಅಷ್ಟು ದೂರವಾಗುವುದಿಲ್ಲ. ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಈ ಕೆಲಸ ಅಲ್ಲಿಂದಲೇ ಶುರುವಾಗಲಿ. ನಿಮ್ಮ ಮನೆಯಲ್ಲಿ ಈ ಕಾಯಿಲೆಯವರಿದ್ದರೆ ಅಲ್ಲಿಯವರೆಗೆ ಕಾಯಬೇಡಿ: ಒಂದು ಡಬ್ಬಿ ಸ್ಟ್ರಿಪ್, ಒಂದು ನೋಟ್‌ಬುಕ್ ಈ ವಾರವೇ ತನ್ನಿ.