ಚಪ್ಪಲಿಯೊಳಗಿನ ಕರೆಂಟ್ ಬಿಲ್ಲು

ಒಲೆಯ ಮೇಲೆ ಹಾಲಿಟ್ಟು ‘ಒಂದೇ ನಿಮಿಷ’ ಎಂದು ಪಕ್ಕದ ಕೋಣೆಗೆ ಹೋದವರಿಗೆ ಸೀದ ವಾಸನೆ ಬಂದಾಗಲೇ ಎಚ್ಚರ. ಎಡಿಎಚ್‌ಡಿ (ಗಮನ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆ) ಇರುವವರಿಗೆ ಇದು ಹೊಸದಲ್ಲ. ಸೋಮಾರಿತನವೆಂದು ಬೈಯುವುದು ಅನ್ಯಾಯ. ಹಳೆಯ ಸಂಗತಿಗಳು ಚೆನ್ನಾಗಿಯೇ ನೆನಪಿರಬಹುದು. ಕೈಕೊಡುವುದು, ಮಾಡಬೇಕಾದ ಕೆಲಸ ಸರಿಯಾದ ಗಳಿಗೆಗೆ ನೆನಪಾಗುವ ಶಕ್ತಿ.

ಮೊಬೈಲ್ ಅಲಾರಂ ಇದೆಯಲ್ಲ? ಇದೆ. ಆದರೆ ದಿನಕ್ಕೆ ಹತ್ತು ಸಲ ಬಡಿದುಕೊಂಡರೆ ಹೆಬ್ಬೆರಳು ತಾನಾಗಿಯೇ ಅದನ್ನು ಆರಿಸಿಬಿಡುತ್ತದೆ, ಮನಸ್ಸಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಅದಕ್ಕೇ ನೆನಪು ಕಣ್ಣಿಗೆ, ಕಾಲಿಗೆ ತಗುಲುವಂತಿರಬೇಕು: ಕಟ್ಟಬೇಕಾದ ಕರೆಂಟ್ ಬಿಲ್ಲು ಚಪ್ಪಲಿಯೊಳಗೆ, ಮಾತ್ರೆ ಡಬ್ಬಿ ಕಾಫಿ ಲೋಟದ ಪಕ್ಕ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1999ರಲ್ಲಿ ವಿವರಿಸಿದ ‘ಹೀಗಾದರೆ ಹೀಗೆ’ ಸಂಕಲ್ಪವೂ ಇದೇ ಜಾಡಿನದು. ‘ರಾತ್ರಿ ಮಾತ್ರೆ ನುಂಗಬೇಕು’ ಎನ್ನುವ ಬದಲು ‘ಊಟದ ತಟ್ಟೆ ತೊಳೆದ ಕೂಡಲೇ ಮಾತ್ರೆ’ ಎಂದು ಗಂಟುಹಾಕಿಕೊಂಡರೆ, ನೆನಪಿಸುವ ಕೆಲಸವನ್ನು ಆ ಒದ್ದೆ ತಟ್ಟೆಯೇ ಮಾಡುತ್ತದೆ.