‘ಅರ್ಥವಾಯ್ತಾ?’ ಎಂದರೆ ಕಾರ್ಡ್ ಎತ್ತಿ!

‘ಅರ್ಥವಾಯ್ತಾ?’ ಎಂದು ಮೇಷ್ಟ್ರು ಕೇಳಿದರೆ ಇಡೀ ಕ್ಲಾಸು ‘ಹೂಂ ಸಾರ್’ ಎನ್ನುತ್ತದೆ. ನಮ್ಮ ಬಿಇ ಕ್ಲಾಸಿನಲ್ಲೂ ಅದೇ ರಾಗ. ಯಾರಿಗೆ ಅರ್ಥವಾಗಿಲ್ಲ ಎಂಬುದು ಗೊತ್ತಾಗುವುದು ಪರೀಕ್ಷೆಯಲ್ಲೇ.

ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿರುವ ಅಕ್ಕನಿಗೆ ನಾನು ಹೇಳಿಕೊಟ್ಟದ್ದು ‘ಪ್ಲಿಕರ್ಸ್’ ಆ್ಯಪ್. ಮಕ್ಕಳಿಗೆ ಮೊಬೈಲ್ ಬೇಡ, ಟೀಚರ್ ಬಳಿ ಒಂದಿದ್ದರೆ ಸಾಕು. ಪ್ಲಿಕರ್ಸ್ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುವ ಕಾರ್ಡ್‌ಗಳನ್ನು ಪ್ರಿಂಟ್ ಹಾಕಿಸಿ, ಒಬ್ಬೊಬ್ಬರಿಗೆ ಒಂದೊಂದು ಕೊಡಬೇಕು. ಕಾರ್ಡಿನ ನಾಲ್ಕು ಬದಿಗೆ ಎ, ಬಿ, ಸಿ, ಡಿ. ಬೋರ್ಡಿನಲ್ಲಿ ಪ್ರಶ್ನೆ ಬರೆದರೆ, ಮಕ್ಕಳು ತಮ್ಮ ಉತ್ತರದ ಬದಿ ಮೇಲೆ ಬರುವಂತೆ ಕಾರ್ಡ್ ಎತ್ತುತ್ತಾರೆ. ಆ್ಯಪ್ ತೆರೆದು ಕ್ಯಾಮೆರಾವನ್ನು ಕ್ಲಾಸಿನತ್ತ ಹಿಡಿದರೆ, ಯಾರ ಉತ್ತರ ಯಾವುದೆಂದು ಹೆಸರಿನ ಸಮೇತ ಬರುತ್ತದೆ.

ಒಂದೊಂದು ಕಾರ್ಡಿನ ಚಿತ್ರವೂ ಬೇರೆ, ಅಕ್ಷರಗಳು ಬಹಳ ಚಿಕ್ಕವು. ಹಾಗಾಗಿ ಪಕ್ಕದವರದ್ದು ನೋಡಿ ಕಾಪಿ ಹೊಡೆಯುವುದು ಕಷ್ಟ. ತಪ್ಪು ಉತ್ತರಕ್ಕೆ ನಗುವವರೂ ಇಲ್ಲ.

ದಪ್ಪ ಕಾಗದದಲ್ಲೇ ಪ್ರಿಂಟ್ ತೆಗೆಸಿ. ಹೊಳೆಯುವ ಲ್ಯಾಮಿನೇಷನ್ ಬೇಡ. ಬೆಳಕು ಬಿದ್ದರೆ ಕ್ಯಾಮೆರಾಗೆ ಕಾರ್ಡ್ ಸರಿಯಾಗಿ ಕಾಣುವುದಿಲ್ಲ.

ಬಿ.ಇಡಿ ಗೆಳೆಯರೇ, ಪಾಠ ಮಾಡಲು ಶಾಲೆಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಸೆಟ್ ಇರಲಿ. ಎಂದೂ ಕೈ ಎತ್ತದ ಕೊನೇ ಬೆಂಚಿನ ಹುಡುಗಿಯೂ ಕಾರ್ಡ್ ಎತ್ತುತ್ತಾಳೆ.