ಕಮಾನು ಗಾಡಿಯಲ್ಲಿ ಐದು ದಿನದ ರಜೆ

ಶನಿವಾರ, ಭಾನುವಾರ ಬಂತೆಂದರೆ ಬೇಲೂರಿನಿಂದ ಸಕಲೇಶಪುರದ ಕಡೆ ಹೋಗುವ ಬೆಂಗಳೂರಿನ ಕಾರುಗಳು ನಮ್ಮ ಬಿಕ್ಕೋಡಿನಲ್ಲಿ ಸಾಲುಗಟ್ಟುತ್ತವೆ. ಈಚೆಗೆ ಅವುಗಳ ನಡುವೆ ಹಾಸಿಗೆ, ಒಲೆ, ಶೌಚಾಲಯ ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡ ವ್ಯಾನುಗಳೂ ಕಾಣಿಸುತ್ತಿವೆ. ಹೆಸರು ಕ್ಯಾರವಾನ್. ಕೇಂದ್ರ ಪ್ರವಾಸೋದ್ಯಮ ಇಲಾಖೆ ಇದಕ್ಕಾಗಿ 2009ರಲ್ಲೇ ನೀತಿ ತಂದಿತ್ತು. ಕೇರಳ 2021ರಲ್ಲಿ ತನ್ನದೇ ಕ್ಯಾರವಾನ್ ಯೋಜನೆ ಪ್ರಕಟಿಸಿತು. ಹೊಯ್ಸಳರ ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ನಮ್ಮ ಭಾಗದ ಹುಡುಗರೂ 'ಒಂದು ಹಳೇ ವ್ಯಾನ್ ತಗೊಂಡು ಮನೆ ಥರ ಮಾಡಿ ಬಾಡಿಗೆಗೆ ಬಿಟ್ರೆ ಹೇಗೆ?' ಎಂದು ಮಾತಾಡಿಕೊಳ್ಳತೊಡಗಿದ್ದಾರೆ.

ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಅರ್ಜಿ ಹಾಕುತ್ತಲೇ ಇರುವ ನನಗೂ ಆ ಯೋಚನೆ ಬಂದಿತ್ತು. ಕಾನೂನು ಓದಿದ ಮೇಲೆ ಉತ್ಸಾಹ ಸ್ವಲ್ಪ ಇಳಿಯಿತು. ಕಂಪನಿ ಕೊಟ್ಟ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸಿದ ವಾಹನಕ್ಕೆ ನೋಂದಣಿ ಸಿಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಾಗಾದರೆ ಹಳೇ ಗಾಡಿಯನ್ನು ಹಾಗೇ 'ವಿಂಟೇಜ್' ಎಂದು ನೋಂದಾಯಿಸಿದರೆ? 2021ರ ನಿಯಮದ ಪ್ರಕಾರ ಅದಕ್ಕೆ 50 ವರ್ಷ ದಾಟಿರಬೇಕು, ₹20,000 ಶುಲ್ಕ ಕಟ್ಟಬೇಕು. ಅದಾದ ಮೇಲೂ ಪ್ರದರ್ಶನ, ರ‍್ಯಾಲಿಯಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ಬಾಡಿಗೆಗೆ ಬಿಡುವ ಮಾತೇ ಇಲ್ಲ.

ಇದೇ ಹೊತ್ತಿಗೆ ಒಂದು ರೆಸಾರ್ಟಿನವರು ನಮ್ಮ ಮನೆಗೆ ಬಂದರು. ಅವರ ಕಣ್ಣು ಬಿದ್ದದ್ದು ಕೊಟ್ಟಿಗೆಯ ಮೂಲೆಯಲ್ಲಿದ್ದ ತಾತನ ಕಮಾನು ಗಾಡಿಯ ಮೇಲೆ. ಗೇಟಿನ ಮುಂದೆ ನಿಲ್ಲಿಸಿ, ಒಳಗೆ ಹೂಕುಂಡ ಇಟ್ಟು, ದೀಪ ಹಾಕುತ್ತಾರಂತೆ. ₹60,000 ಕೊಡುತ್ತೇವೆ ಎಂದರು. ಅಪ್ಪನಿಗೆ ಕೊಟ್ಟಿಗೆಯ ಸೂರು ರಿಪೇರಿ ಮಾಡಿಸಬೇಕಿತ್ತು. 'ಗೆದ್ದಲು ತಿನ್ನೋಕ್ ಮುಂಚೆ ಕೊಟ್ಬಿಡೋಣ' ಎಂದರು. ಅಜ್ಜಿ ಮಾತ್ರ, 'ಅದ್ರಲ್ಲೇ ಕಣೋ ನಾನು ಈ ಮನೆಗೆ ಬಂದಿದ್ದು. ನಿಂತಿರೋ ಗಾಡಿಗೆ ದೀಪ ಹಾಕಿ ಏನ್ ನೋಡ್ತಾರೆ?' ಎಂದು ಒಳಗೆ ಹೋದರು. ಉತ್ತರ ಹೇಳಲು ಎರಡು ತಿಂಗಳು ಟೈಮ್ ಕೇಳಿದೆ.

ಕ್ಯಾರವಾನಿನ ಚರಿತ್ರೆ ಹುಡುಕಿದಾಗ ಒಂದು ತಮಾಷೆ ಕಂಡಿತು. ರಜೆ ಕಳೆಯುವುದಕ್ಕೆಂದೇ ಮಾಡಿಸಿದ ಮೊದಮೊದಲ ಕ್ಯಾರವಾನುಗಳಲ್ಲಿ ಹೆಸರಾದದ್ದು 'ವಾಂಡರರ್'. ವೈದ್ಯ, ಲೇಖಕ ಗಾರ್ಡನ್ ಸ್ಟೇಬಲ್ಸ್ ಅದನ್ನು 1885ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕಟ್ಟಿಸಿದರು. ಅದನ್ನು ಎಳೆದದ್ದು ಕುದುರೆಗಳು! ಕಾರಿನ ಹಿಂದೆ ಕಟ್ಟುವ ಟ್ರೇಲರ್‌ಗಳು ಬಂದದ್ದು ಆಮೇಲೆ. ಅಮೆರಿಕದ ವಾಲಿ ಬಯಾಮ್ ಅವರ ಬೆಳ್ಳಿಬಣ್ಣದ 'ಏರ್‌ಸ್ಟ್ರೀಮ್' ಟ್ರೇಲರ್‌ಗಳ ದಂಡು 1959ರಲ್ಲಿ ಕೇಪ್‌ಟೌನ್‌ನಿಂದ ಕೈರೊವರೆಗೆ ಇಡೀ ಆಫ್ರಿಕಾ ದಾಟಲು ಹೊರಟಿತ್ತು. ಅಂಥ ಹಳೇ ಟ್ರೇಲರ್‌ಗಳನ್ನು ಅಲ್ಲಿನವರು ಇಂದಿಗೂ ಉಜ್ಜಿ, ಹೊಳಪು ಕೊಟ್ಟು ರಜೆಗೆ ಒಯ್ಯುತ್ತಾರೆ. ನೊಗಕ್ಕೆ ಎತ್ತು ಕಟ್ಟಿ, ಬುತ್ತಿ, ಚಾಪೆ, ಲಾಂದ್ರದ ಜೊತೆ ಜಾತ್ರೆಗೆ ಹೊರಟು, ರಾತ್ರಿ ಗಾಡಿಯಲ್ಲೇ ಮಲಗುತ್ತಿದ್ದ ನಮ್ಮ ತಾತ ಮಾಡುತ್ತಿದ್ದದ್ದೂ ಇದನ್ನೇ ಅಲ್ಲವೇ? ನಮ್ಮದು ಮೋಟಾರು ವಾಹನವೇ ಅಲ್ಲ. ಆರ್‌ಸಿ ಬೇಡ, ಮೂಲ ವಿನ್ಯಾಸದ ತಕರಾರೂ ಇಲ್ಲ.

ಮೊದಲು ರಿಪೇರಿ. ಬಿದಿರಿನ ಕಮಾನು ಮುರಿದಿತ್ತು, ಮೂಕಿ ಗಟ್ಟಿಯಾಗಿತ್ತು. ಒಂದು ಚಕ್ರದ ಮರ ಒಣಗಿ ಕಬ್ಬಿಣದ ಪಟ್ಟಾ ಸಡಿಲವಾಗಿತ್ತು. ಪಟ್ಟಾ ಕಟ್ಟುವುದು ನೋಡಬೇಕಾದ ಕೆಲಸ. ಪಟ್ಟಾದ ಸುತ್ತಳತೆಯನ್ನು ಚಕ್ರಕ್ಕಿಂತ ಚೂರು ಕಡಿಮೆ ಮಾಡಿ, ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಕಾದಾಗ ಅದು ಹಿಗ್ಗುತ್ತದೆ. ಇಕ್ಕಳದಲ್ಲಿ ಹಿಡಿದು ಚಕ್ರಕ್ಕೆ ತೊಡಿಸಿ ನೀರು ಹೊಯ್ದರೆ ಕುಗ್ಗಿ, ಇಡೀ ಚಕ್ರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಅಂಟಿಲ್ಲ, ನಟ್ಟು ಬೋಲ್ಟು ಇಲ್ಲ. ಈ ಕೆಲಸ ಬಲ್ಲವರು ನಮ್ಮ ಸುತ್ತಿನಲ್ಲಿ ಸಿಕ್ಕಿದ್ದು ಒಬ್ಬರೇ, ವಯಸ್ಸು ಎಪ್ಪತ್ತು ದಾಟಿದೆ. ಒಟ್ಟು ಖರ್ಚು ₹11,400.

ಎತ್ತುಗಳನ್ನು ನಾವು ಮಾರಿ ವರ್ಷಗಳಾಗಿದ್ದವು. ಪಕ್ಕದ ಮನೆಯ ಮಾವ ತಮ್ಮ ಹಳ್ಳಿಕಾರ್ ಜೋಡಿಯ ಜೊತೆ ತಾವೇ ಬರಲು ಒಪ್ಪಿದರು. ದಿನಕ್ಕೆ ₹1,500. ಹೊರಟವರು ನಾನು, ತಂಗಿ, ಚಿಕ್ಕಪ್ಪನ ಮಗ, ಒಬ್ಬ ಗೆಳೆಯ. ನಾಲ್ಕೇ ಜನ ಯಾಕೆಂದರೆ ಅದಕ್ಕೂ ನಿಯಮವಿದೆ. ಭಾರ ಎಳೆಯುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯಲು 1965ರಲ್ಲಿ ಬಂದ ನಿಯಮಗಳ ಪ್ರಕಾರ, ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ಗಾಡಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಜನ ಕೂರುವಂತಿಲ್ಲ. ಎತ್ತುಗಳನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ನೊಗ ಇಳಿಸಲೇಬೇಕು. ಇದನ್ನು ಓದಿ ಹೇಳಿದಾಗ ಮಾವ ನಕ್ಕರು: 'ಇದನ್ನ ಬರ‍್ದೋನು ಎತ್ತು ಸಾಕಿದ್ದೋನೇ ಇರ‍್ಬೇಕು.'

ಮೊದಲ ದಿನ ಬೆಳಿಗ್ಗೆ ಹೊರಡುವುದು ತಡವಾಯಿತು. ನಮ್ಮ ಹೋಬಳಿಯಲ್ಲಿ ಕಾಡಾನೆ ಎಲ್ಲಿದೆ ಎಂದು ವಾಟ್ಸ್‌ಆ್ಯಪ್ ಗ್ರೂಪ್ ನೋಡದೆ ಯಾರೂ ಹೊರಗೆ ಕಾಲಿಡುವುದಿಲ್ಲ. ದಾರಿ ಸರಿಯಿದೆ ಎಂದು ಗೊತ್ತಾದ ಮೇಲೆ, ಏಳು ಗಂಟೆಗೆ ಕೊರಳ ಗೆಜ್ಜೆ ಸದ್ದು ಮಾಡಿತು. ಬಸ್ಸಿನಲ್ಲಿ ಅರ್ಧ ಗಂಟೆಯೂ ಹಿಡಿಯದ ಬೇಲೂರು ಗಾಡಿಗೆ ನಾಲ್ಕು ಗಂಟೆ ತೆಗೆದುಕೊಂಡಿತು. ಹದಿನೈದು ವರ್ಷ ಓಡಾಡಿದ ರಸ್ತೆಯಲ್ಲಿ ಯಾವ ತೋಟದ ಬೇಲಿ ಮುರಿದಿದೆ, ಯಾವ ಬಾವಿಗೆ ಹಗ್ಗವಿದೆ ಎಂದು ಮೊದಲ ಸಲ ನೋಡಿದೆ. ರಾತ್ರಿ ದೊಡ್ಡಮ್ಮನ ಮನೆಯ ಹಿತ್ತಲು. ಗಾಡಿಯೊಳಗೆ ಇಬ್ಬರು, ಕೆಳಗೆ ಚಾಪೆಯ ಮೇಲೆ ಇಬ್ಬರು. ಮಾವ ಎತ್ತುಗಳ ಪಕ್ಕ.

ಎರಡನೇ ದಿನ ನಸುಕಿನಲ್ಲೇ ಹೊರಟು, 16 ಕಿ.ಮೀ. ದೂರದ ಹಳೇಬೀಡಿಗೆ ಹನ್ನೊಂದರೊಳಗೆ ಮುಟ್ಟಿದೆವು. ಡಾಂಬರಿನ ಮೇಲೆ ಕಬ್ಬಿಣದ ಪಟ್ಟಾ ಮಾಡುವ ಸದ್ದು, ಕುಲುಕಾಟ ಸಣ್ಣದಲ್ಲ. ತಂಗಿ ಅರ್ಧ ದಾರಿ ನಡೆದೇ ಬಂದಳು. ಕಾರಿನವರು ಹಿಂದಿನಿಂದ ಹಾರ್ನ್ ಹೊಡೆದರೆ ಎತ್ತು ಬೆದರುತ್ತದೆ. ಮುಂದೆ ಬಂದು ಸೆಲ್ಫಿಗೆ ನಿಂತರೂ ಬೆದರುತ್ತದೆ. ಮೂರನೇ ದಿನ ಎತ್ತುಗಳಿಗೆ ರಜೆ, ಅವಕ್ಕೆ ಹುರುಳಿ, ಹುಲ್ಲು. ನಾವು ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯಲ್ಲಿ ಮಹಾಭಾರತ ಯುದ್ಧದ ರಥಗಳ ಚಕ್ರ ಎಣಿಸುತ್ತಾ ಬೆಳಗು ಕಳೆದೆವು. ಸಂಜೆ ದೋರಸಮುದ್ರದ ಕೆರೆ ಏರಿ. ನಾವು ಇಳಿದುಕೊಂಡಿದ್ದ ಕಣದ ಯಜಮಾನರು ಗಾಡಿ ನೋಡಿ ತಮ್ಮ ಹಳೇ ಗಾಡಿಯ ಕಥೆ ತೆಗೆದರು. ಅವರದ್ದು ಸೌದೆಯಾಯಿತಂತೆ. ಹೊರಡುವಾಗ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ಬದಲಿಗೆ ಹತ್ತು ತೆಂಗಿನಕಾಯಿ ಗಾಡಿಗೆ ಹಾಕಿದರು. ನಾಲ್ಕನೇ ದಿನ ಬೇಲೂರು, ಐದನೇ ದಿನ ಮನೆ.

ಎತ್ತು, ಮಾವನ ಕೂಲಿ ₹7,500. ಊಟ, ತಿಂಡಿ ₹2,600. ಒಟ್ಟು ₹10,100. ತಲೆಗೆ ₹2,525ರಲ್ಲಿ ಐದು ದಿನ.

ಇದು ಕಸುಬಾಗುತ್ತದೆಯೇ ಎಂದು ಗೆಳೆಯರು ಕೇಳುತ್ತಾರೆ. ಲೆಕ್ಕ ಮುಚ್ಚಿಡದೆ ಹೇಳುತ್ತೇನೆ. ಬೆಳಿಗ್ಗೆ ತೋಟದ ದಾರಿಯಲ್ಲಿ ಅರ್ಧ ದಿನದ ಸವಾರಿ, ಅಕ್ಕಿ ರೊಟ್ಟಿ, ಕಾಫಿ. ನಾಲ್ಕು ಜನರಿಂದ ತಲಾ ₹800 ಎಂದರೆ ₹3,200. ಮಾವನಿಗೆ ಅರ್ಧ ದಿನವಾದರೂ ಪೂರ್ತಿ ₹1,500, ತಿಂಡಿಗೆ ₹600. ಉಳಿಯುವುದು ₹1,100. ತಿಂಗಳಲ್ಲಿ ಎಂಟು ಶನಿವಾರ, ಭಾನುವಾರ ಭರ್ತಿಯಾದರೂ ₹8,800. ಮಳೆಗಾಲದ ನಾಲ್ಕು ತಿಂಗಳು ಸೊನ್ನೆ. ಆನೆ ಬಂದ ದಿನವೂ ಸೊನ್ನೆ. ಹಾಗಾಗಿ ಇದು ಕೆಲಸವಲ್ಲ, ಕೆಲಸ ಹುಡುಕುವವನ ಕೈಖರ್ಚು. ಇಷ್ಟು ಗೊತ್ತಿದ್ದರೆ ಸಾಲ ಮಾಡಿ ಲಕ್ಷಗಟ್ಟಲೆಯ ವ್ಯಾನಿಗೆ ಕೈಹಾಕುವ ಮುನ್ನ ನೀವೂ ಕೂಡಿ ಕಳೆದು ನೋಡುತ್ತೀರಿ.

ರೆಸಾರ್ಟಿನವರಿಗೆ ಇಲ್ಲ ಎಂದೆ. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೊದಲ ನಾಲ್ಕು ಸವಾರಿಗಳ ₹4,400ನ್ನು ಸೂರಿನ ಹೆಂಚಿಗೆಂದು ಕೈಗಿಟ್ಟಾಗ ಎಣಿಸಿ ಜೇಬಿಗೆ ಹಾಕಿಕೊಂಡರು. ಪರೀಕ್ಷೆ, ಸಂದರ್ಶನಗಳು ನಡೆದೇ ಇವೆ. ಪಟ್ಟಾ ಕಟ್ಟುವ ತಾತನ ಬಳಿಗೆ ಬುಧವಾರಗಳಂದು ಹೋಗುತ್ತಿದ್ದೇನೆ. ಸದ್ಯಕ್ಕೆ ತಿದಿ ಒತ್ತುವುದಷ್ಟೇ ನನ್ನ ಪಾಲು. ಮಳೆ ಹಿಡಿಯುವ ಮೊದಲು ಇನ್ನು ಆರು ಭಾನುವಾರಗಳಿವೆ. ಮೂರಕ್ಕೆ ಈಗಾಗಲೇ ಜನ ಹೇಳಿಟ್ಟಿದ್ದಾರೆ.